ಪರ್ಸಿ ಕಲ್ಲಿನ ಊರಿನಿಂದ ಪರದೇಶದ ಕಡಲಿಗೆ

ಮೇ ತಿಂಗಳ ಮಟಮಟ ಮಧ್ಯಾಹ್ನ. ಹೊರಗೆ ಬಿಸಿಲು 42 ಡಿಗ್ರಿ ದಾಟಿದೆ. ಶಹಾಬಾದದಲ್ಲಾಗಲಿ, ಸೇಡಂನಲ್ಲಾಗಲಿ ಹಳೆಯ ಮನೆಯ ಪಡಸಾಲೆಯಲ್ಲಿ ಈ ಹೊತ್ತಿಗೆ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಚಾಪೆಯನ್ನೂ ಹಾಸಿಕೊಳ್ಳದೆ ಮಕ್ಕಳು ಪರ್ಸಿ ಕಲ್ಲಿನ ತಣ್ಣನೆಯ ನೆಲದ ಮೇಲೆ ಮಲಗಿರುತ್ತಾರೆ. ಎದುರಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರು. ಅದರಲ್ಲಿ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ, ಕೆಳಗೆ ಹಸಿರು ಹುಲ್ಲು, ನಡುವೆ ಆಟಿಕೆಯಂಥ ಕೆಂಪು ರೈಲು. ಅದನ್ನು ನೋಡುತ್ತ ಮಲಗಿದ ಮಗುವಿನ ಬಾಯಿಂದ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ: “ನಮ್ಮೂರಾಗ ಏನದ ನೋಡ್ಲಿಕ್ಕ? ಬರೇ ಕಲ್ಲು, ಬರೇ ಧೂಳು.”

ಈ ಮಾತಿಗೆ ತಂದೆತಾಯಿಗಳ ಬಳಿ ಸಾಮಾನ್ಯವಾಗಿ ಉತ್ತರವಿರುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕಡೆಯಲ್ಲಿ ಊರು ಬಿಡುವುದೆಂದರೆ ಬಹುಪಾಲು ಜನರಿಗೆ ಓದಿಗಾಗಿ ಕಲಬುರಗಿ, ನೌಕರಿಗಾಗಿ ಬೆಂಗಳೂರು, ಮಳೆ ಕೈಕೊಟ್ಟ ವರ್ಷ ಕೂಲಿಗಾಗಿ ಮುಂಬಯಿ ಅಥವಾ ಹೈದರಾಬಾದು. ನೋಡುವುದಕ್ಕೆಂದೇ ಊರು ಬಿಡುವುದು ಉಳ್ಳವರ ಆಟ ಎಂಬ ಭಾವನೆ ಗಟ್ಟಿಯಾಗಿದೆ. ಆದರೂ ಕಾಲ ಬದಲಾಗಿದೆ. ಇಲ್ಲಿಂದಲೂ ಮಕ್ಕಳು ಹೊರದೇಶಕ್ಕೆ ಓದಲು ಹೋಗುತ್ತಾರೆ, ಅಲ್ಲಿ ನೆಲೆಸಿದ ಮಗಳ ಮನೆಗೆ ತಂದೆತಾಯಿ ಹೋಗಿಬರುತ್ತಾರೆ, ಉಳಿತಾಯದ ಹಣ ಕೂಡಿಸಿ ಥಾಯ್ಲೆಂಡಿಗೋ ವಿಯೆಟ್ನಾಮಿಗೋ ವಾರದ ಪ್ರವಾಸ ಹೊರಡುವ ಕುಟುಂಬಗಳೂ ಇವೆ. ಹಾಗೆ ಹೋದವರು ತರುವುದೇನು? ಏಳು ದಿನದಲ್ಲಿ ಹದಿನೈದು ಜಾಗಗಳ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳು, ಒಂದಿಷ್ಟು ಚಾಕೊಲೇಟು, ಜೊತೆಗೆ ‘ಅಲ್ಲಿಯ ಊಟ ಬಾಯಿಗೆ ಹಿಡಿಸಲಿಲ್ಲ’ ಎಂಬ ದೂರು. ಇಷ್ಟಕ್ಕೆ ಲಕ್ಷಗಟ್ಟಲೆ ಹಣ ಖರ್ಚು ಮಾಡಬೇಕೆ ಎಂದು ಯಾರಾದರೂ ಕೇಳಿದರೆ ತಪ್ಪೇನೂ ಇಲ್ಲ.

ಹಾಗಾದರೆ ಕಡಲನ್ನು, ಬೆಟ್ಟವನ್ನು, ಪರಊರಿನ ಊಟವನ್ನು ನಿಜವಾಗಿ ಸವಿಯುವ ಬಗೆ ಯಾವುದು? ಅದರ ಮೊದಲ ಪಾಠ ಆ ಮಗು ಮಲಗಿರುವ ಪರ್ಸಿ ಕಲ್ಲಿನಲ್ಲೇ ಇದೆ.

ನಡುಮನೆಯಲ್ಲಿ ಹಾಸಿದ ಕಡಲು

ಶಹಾಬಾದ ಕಲ್ಲು ಸುಣ್ಣದ ಕಲ್ಲು. ಅದರ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಇದಕ್ಕೆ ಪ್ರಯೋಗಾಲಯದ ಪುರಾವೆಯೇ ಬೇಕೆಂದಿಲ್ಲ, ಅಡುಗೆಮನೆಯ ಪುರಾವೆ ಸಾಕು. ಪರ್ಸಿ ನೆಲದ ಮೇಲೆ ಲಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಅಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ ಎಂಬುದು ಈ ಭಾಗದ ಪ್ರತಿ ಗೃಹಿಣಿಗೂ ಗೊತ್ತು. ಲಿಂಬೆಯ ಆಮ್ಲ ಕಲ್ಲನ್ನು ಕರಗಿಸಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡಿಸುತ್ತದೆ. ಕಲ್ಲಿನ ಪುಡಿಯ ಮೇಲೆ ಹಿಂಡಿದರೆ ಸಣ್ಣ ಗುಳ್ಳೆಗಳೇ ಏಳುತ್ತವೆ.

ಈ ಕಲ್ಲು ಹುಟ್ಟಿದ್ದು ಕಡಲಿನ ತಳದಲ್ಲಿ. ಸ್ಥೂಲವಾಗಿ ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ಇಂದಿನ ಕಲಬುರಗಿ, ಯಾದಗಿರಿ ಸೀಮೆಯ ಮೇಲೆ ಆಳವಿಲ್ಲದ ಸಮುದ್ರವೊಂದು ಹರಡಿಕೊಂಡಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರುಪದರಾಗಿ ಕೂತು, ಮೇಲಿನ ಭಾರಕ್ಕೆ ಬಿಗಿದು ಕಲ್ಲಾಯಿತು. ಪದರಿನ ನಡುವೆ ತೆಳುವಾದ ಜೇಡಿಯ ಎಳೆಗಳು ಉಳಿದವು. ಅದಕ್ಕೇ ಗಣಿಯಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಕಲ್ಲು ಹಪ್ಪಳದಂತೆ ಚಪ್ಪಟೆಯಾಗಿ ಬಿಟ್ಟುಕೊಳ್ಳುತ್ತದೆ. ಭೂವಿಜ್ಞಾನಿಗಳು ಈ ಕಲ್ಲಿನ ಸಮೂಹವನ್ನು ‘ಭೀಮಾ’ ಎಂಬ ಹೆಸರಿನಿಂದ ಗುರುತಿಸುತ್ತಾರೆ. 1872ರಲ್ಲಿ ವಿಲಿಯಂ ಕಿಂಗ್ ಎಂಬ ವಿಜ್ಞಾನಿ ನದಿಯ ಹೆಸರನ್ನೇ ಕಲ್ಲಿಗೂ ಇಟ್ಟರು. ಸಮೂಹದ ಒಂದು ಮುಖ್ಯ ಸುಣ್ಣಕಲ್ಲಿನ ಪದರಕ್ಕೆ ಶಹಾಬಾದ ಊರಿನ ಹೆಸರೇ ಇದೆ.

ಈ ಕಲ್ಲಿನಲ್ಲಿ ಶಂಖ, ಮೀನು, ಎಲೆಯ ಅಚ್ಚು ಹುಡುಕಿದರೆ ಸಿಗುವುದಿಲ್ಲ. ಆ ಕಾಲಕ್ಕೆ ಮೀನೂ ಇರಲಿಲ್ಲ, ಶಂಖವೂ ಇರಲಿಲ್ಲ, ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಭೂಮಿ ಇಂದಿಗಿಂತ ವೇಗವಾಗಿ ಸುತ್ತುತ್ತಿದ್ದುದರಿಂದ ದಿನಕ್ಕೆ 24 ಗಂಟೆಗಳೂ ಇರಲಿಲ್ಲ. ಭೀಮಾ ಸಮೂಹದ ಜೇಡಿಪದರಗಳಲ್ಲಿ ಸಿಕ್ಕಿರುವುದು ‘ಚುವಾರಿಯಾ’ ಎಂಬ ಪುಟ್ಟ ಪುಟ್ಟ ದುಂಡನೆಯ ಇಂಗಾಲದ ಅಚ್ಚುಗಳು. ಅಂದಿನ ಜೀವಜಗತ್ತು ಅಷ್ಟು ಸರಳವಾಗಿತ್ತು.

ಹಾಗಾಗಿ ‘ನಾವು ಕಡಲನ್ನೇ ನೋಡಿಲ್ಲ’ ಎನ್ನುವ ಸೇಡಂನ ಹುಡುಗಿ ದಿನವೂ ಕಡಲ ತಳದ ಮೇಲೆ ಕೂತು ಊಟ ಮಾಡುತ್ತಿರುತ್ತಾಳೆ. ಅದು ಅವಳಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಎದ್ದು ನಿಂತ ಸಮುದ್ರ

ಇಲ್ಲಿಯ ಸುಣ್ಣಕಲ್ಲಿನ ಪದರಗಳು ಬಹುತೇಕ ಕಡೆ ಹುಟ್ಟಿದಾಗ ಹೇಗೆ ಮಲಗಿದ್ದವೋ ಹಾಗೆಯೇ ಮಟ್ಟಸವಾಗಿ ಮಲಗಿವೆ. ವಾಡಿಯ ಸುತ್ತಲಿನ ಯಾವುದೇ ಗಣಿಯ ಗೋಡೆಯಲ್ಲಿ ಪುಸ್ತಕದ ಹಾಳೆಗಳಂತೆ ಪದರುಗಳು ಕಾಣುತ್ತವೆ. ಇದನ್ನು ಒಮ್ಮೆ ಚೆನ್ನಾಗಿ ನೋಡಿದ ವಿದ್ಯಾರ್ಥಿ ಮುಂದೊಂದು ದಿನ ಆಲ್ಪ್ಸ್ ಪರ್ವತದ ಎದುರು ನಿಂತನೆಂದು ಭಾವಿಸೋಣ. ಅಲ್ಲಿ ಅವನಿಗೆ ಕಾಣುವುದು ಅದೇ ಬಗೆಯ ಪದರು. ಆದರೆ ಅದು ಮಲಗಿಲ್ಲ. ಮಡಚಿದೆ, ತಿರುಚಿದೆ, ಕೆಲವೆಡೆ ನೆಟ್ಟಗೆ ಎದ್ದು ನಿಂತಿದೆ. ಆಫ್ರಿಕಾ ಕಡೆಯ ಭೂಫಲಕವೂ ಯೂರೋಪಿನ ಭೂಫಲಕವೂ ಒಂದನ್ನೊಂದು ಒತ್ತಿದಾಗ ನಡುವಿನ ಟೆಥಿಸ್ ಸಮುದ್ರದ ತಳ ಸುಕ್ಕುಗಟ್ಟಿ ಮೇಲೆದ್ದು ಪರ್ವತವಾಯಿತು. ಇತ್ತ ಭಾರತದ ಫಲಕ ಏಷ್ಯಾವನ್ನು ಒತ್ತಿದ್ದರಿಂದ ಹಿಮಾಲಯ ಎದ್ದಿತು. 8849 ಮೀಟರ್ ಎತ್ತರದ ಎವರೆಸ್ಟಿನ ನೆತ್ತಿಯಲ್ಲಿರುವುದೂ ಸುಣ್ಣಕಲ್ಲು. ಅದರಲ್ಲಿ ಹಳೆಯ ಕಡಲಜೀವಿಗಳ ಚೂರುಗಳಿವೆ.

ಸ್ವಿಟ್ಜರ್ಲೆಂಡಿಗೆ ಹೋಗುವ ಭಾರತೀಯರು ತಪ್ಪದೆ ಏರುವ ಜಾಗ ಯುಂಗ್‌ಫ್ರಾವ್‌ಯೋಕ್. ಅಲ್ಲಿಯ ರೈಲು ನಿಲ್ದಾಣ 3454 ಮೀಟರ್ ಎತ್ತರದಲ್ಲಿದೆ, 1912ರಲ್ಲಿ ಆರಂಭವಾಯಿತು. ರೈಲು ಐಗರ್ ಎಂಬ ಶಿಖರದ ಹೊಟ್ಟೆಯೊಳಗಿನ ಸುರಂಗದಲ್ಲಿ ಸಾಗುತ್ತದೆ. ಆ ಐಗರಿನ ಪ್ರಸಿದ್ಧವಾದ ಉತ್ತರದ ಗೋಡೆ ಸುಣ್ಣಕಲ್ಲಿನದೇ. ಶಹಾಬಾದ ಕಲ್ಲಿಗೂ ಅದಕ್ಕೂ ವಯಸ್ಸಿನಲ್ಲಿ ಅಜಗಜಾಂತರವಿದೆ, ಐಗರಿನ ಕಲ್ಲು ಬಹಳ ಎಳೆಯದು. ಆದರೆ ಜಾತಿ ಒಂದೇ. ಸಹಪ್ರಯಾಣಿಕರು ಹಿಮವನ್ನಷ್ಟೇ ನೋಡುತ್ತಿರುವಾಗ ಶಹಾಬಾದದ ಹುಡುಗನೊಬ್ಬ ಸುರಂಗದ ಗೋಡೆಯಲ್ಲಿ ತನ್ನ ಪಡಸಾಲೆಯ ನೆಂಟನನ್ನು ಗುರುತಿಸಬಲ್ಲ.

ಎತ್ತರ ಏರಿದಂತೆ ಇನ್ನೆರಡು ಸಂಗತಿಗಳನ್ನು ಗಮನಿಸಬಹುದು. ಸರಾಸರಿ ಒಂದು ಕಿಲೋಮೀಟರ್ ಏರಿದರೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಗಾಳಿಯ ಒತ್ತಡವೂ ಕಡಿಮೆಯಾಗುತ್ತದೆ. ಒತ್ತಡ ತಗ್ಗಿದರೆ ನೀರು ಬೇಗ ಕುದಿಯುತ್ತದೆ. ಯುಂಗ್‌ಫ್ರಾವ್‌ಯೋಕ್‌ನಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ, ಸುಮಾರು 88–89 ಡಿಗ್ರಿ ಸಾಕು. ನೀರು ಬೇಗ ಕುದಿದರೆ ಅಡುಗೆಯೂ ಬೇಗ ಆಗುತ್ತದೆಂದು ಬಗೆದರೆ ಮೋಸಹೋದಂತೆ. ಅದಕ್ಕಿಂತ ಹೆಚ್ಚು ಬಿಸಿ ಆ ನೀರಿಗೆ ಏರುವುದೇ ಇಲ್ಲ. ಕಲಬುರಗಿಯ ತೊಗರಿಬೇಳೆಯನ್ನು ಅಲ್ಲಿ ತೆರೆದ ಪಾತ್ರೆಯಲ್ಲಿಟ್ಟರೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರು ಆವಿಯನ್ನು ಹಿಡಿದಿಟ್ಟು ಒಳಗೆ ಒತ್ತಡ ಹೆಚ್ಚಿಸುತ್ತದೆ. ಹಾಗಾಗಿ ಬೆಟ್ಟದ ಮೇಲಿನ ಅಡುಗೆಮನೆಗೆ ಅದು ಅನಿವಾರ್ಯ. ಪಠ್ಯಪುಸ್ತಕದ ಈ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವನಿಗೂ ಬೆಟ್ಟದ ಮೇಲೆ ನಿಂತು ನೆನೆದವನಿಗೂ ವ್ಯತ್ಯಾಸವಿದೆ.

ಸೀಮೆಸುಣ್ಣದ ಕರಾವಳಿ

ಕನ್ನಡದಲ್ಲಿ ‘ಸೀಮೆ’ ಎಂಬ ಮಾತು ಹೊರದೇಶದಿಂದ ಬಂದ ವಸ್ತುಗಳಿಗೆ ಅಂಟಿಕೊಂಡಿದೆ. ಸೀಮೆಎಣ್ಣೆ, ಸೀಮೆಬದನೆ ಎನ್ನುವಂತೆಯೇ ಸೀಮೆಸುಣ್ಣ. ಕರಿಹಲಗೆಯ ಮೇಲೆ ಬರೆಯುವ ಬಳಪಕ್ಕೆ ಆ ಹೆಸರು ಬಂದದ್ದಕ್ಕೆ ಅರ್ಥವಿದೆ. ಈಗಿನ ಬಳಪಗಳನ್ನು ಹೆಚ್ಚಾಗಿ ಜಿಪ್ಸಮಿನಿಂದ ಮಾಡುತ್ತಾರೆ. ಹಿಂದೆ ಅದು ನಿಜವಾದ ಮೆದುಸುಣ್ಣದ ಕಲ್ಲೇ ಆಗಿತ್ತು. ಆ ಕಲ್ಲಿನ ಅತಿ ಪ್ರಸಿದ್ಧ ಕರಾವಳಿ ಇಂಗ್ಲೆಂಡಿನ ಡೋವರ್. ಅಲ್ಲಿ ಕಡಲಂಚಿನಲ್ಲಿ ನೂರು ಮೀಟರಿಗೂ ಮಿಕ್ಕಿ ಎತ್ತರದ ಬಿಳಿಯ ಗೋಡೆ ನಿಂತಿದೆ. ಮಿಲಿಮೀಟರಿನ ಸಾವಿರದ ಕೆಲವೇ ಅಂಶದಷ್ಟು ಗಾತ್ರದ ಸುಣ್ಣದ ಬಿಲ್ಲೆಗಳು ಅದರ ಇಟ್ಟಿಗೆಗಳು. ಕಡಲಿನಲ್ಲಿ ತೇಲುತ್ತಿದ್ದ ಪಾಚಿಯಂಥ ಸೂಕ್ಷ್ಮಜೀವಿಗಳ ಮೈಕವಚ ಅವು. ಕೋಟಿ ಕೋಟಿ ಕವಚಗಳು ತಳಕ್ಕಿಳಿದು ಕೂಡಿಬಿದ್ದು ಗೋಡೆಯಾದವು.

ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯಲ್ಲಿ ‘ಹನ್ನೆರಡು ಅಪೊಸ್ತಲರು’ ಎಂಬ ಹೆಸರಿನ ಸುಣ್ಣಕಲ್ಲಿನ ಕಂಬಗಳಿವೆ. ಹೆಸರು ಹನ್ನೆರಡಾದರೂ ಇದ್ದದ್ದು ಅಷ್ಟಿಲ್ಲ. 2005ರ ಜುಲೈನಲ್ಲಿ ಸುಮಾರು 50 ಮೀಟರ್ ಎತ್ತರದ ಒಂದು ಕಂಬ ನೋಡನೋಡುತ್ತಿದ್ದಂತೆ ಕುಸಿದು ಕಲ್ಲಿನ ಗುಡ್ಡೆಯಾಯಿತು. ಅಲೆಗಳು ಬುಡವನ್ನು ಕೊರೆಯುತ್ತಲೇ ಇರುತ್ತವೆ. ಮೊದಲು ಗುಹೆ, ಆಮೇಲೆ ಕಮಾನು, ಕಮಾನು ಬಿದ್ದ ಮೇಲೆ ಒಂಟಿ ಕಂಬ, ಕೊನೆಗೆ ಅದೂ ಇಲ್ಲ. ವಿಯೆಟ್ನಾಮಿನ ಹಾಲಾಂಗ್ ಕೊಲ್ಲಿಯಲ್ಲಿ ಸುಮಾರು 1600 ಚಿಕ್ಕದೊಡ್ಡ ದ್ವೀಪಗಳು ಹಸಿರು ನೀರಿನಿಂದ ತಲೆ ಎತ್ತಿವೆ. 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವೂ ಸುಣ್ಣಕಲ್ಲಿನವೇ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಲಿಂಬೆರಸ ಪರ್ಸಿಯ ಮೇಲೆ ಮಾಡುವ ಕೆಲಸವನ್ನೇ ಆ ನೀರು ಲಕ್ಷಾಂತರ ವರ್ಷ ನಿಧಾನವಾಗಿ ಮಾಡಿ ಬೆಟ್ಟವನ್ನು ಕಂಬವಾಗಿಸಿತು, ಒಳಗೆ ಗುಹೆ ತೋಡಿತು.

ಇದೇ ಕೆಲಸ ಸೇಡಂ ಕಡೆಯೂ ನಡೆದಿದೆ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾ ನದಿಯನ್ನು ಸೇರುತ್ತದೆ, ಕಾಗಿಣಾ ಭೀಮೆಯನ್ನು, ಭೀಮೆ ಕೃಷ್ಣೆಯನ್ನು. ಕೃಷ್ಣೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಮಳೆಗಾಲದ ಈ ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿದ ಸುಣ್ಣವಿರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳೆಯಾಗಿ ಕೂರುವುದೂ ಹೀಗೆ ಕರಗಿ ಬಂದ ಸುಣ್ಣವೇ. ಕಡಲು ಸೇರಿದ ಸುಣ್ಣವನ್ನು ಅಲ್ಲಿಯ ಚಿಪ್ಪಿನ ಜೀವಿಗಳು ಮೈಗೆ ಕಟ್ಟಿಕೊಳ್ಳುತ್ತವೆ. ನೂರು ಕೋಟಿ ವರ್ಷ ಹಿಂದಿನ ಕಡಲು ಹೀಗೆ ಚೂರುಚೂರಾಗಿ ಮತ್ತೆ ಕಡಲಿಗೆ ಮರಳುತ್ತಿದೆ.

ತಾಟಿನಲ್ಲಿರುವ ಭೂಗೋಳ

ಪ್ರವಾಸದಲ್ಲಿ ಕಣ್ಣಿಗಿಂತ ಮೊದಲು ಸೋಲುವುದು ನಾಲಗೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ತೊಗರಿಬೇಳೆಯ ಸಾರು ಇಲ್ಲದೆ ಎರಡು ದಿನ ಕಳೆಯುವುದು ಈ ಭಾಗದವರಿಗೆ ಕಷ್ಟವೇ. ಆದರೆ ಇದೇ ತಾಟನ್ನು ಭೂಗೋಳದ ನಕ್ಷೆಯಂತೆ ಬಿಡಿಸಿಟ್ಟರೆ ಪರದೇಶದ ಊಟ ಅಷ್ಟು ಪರಕೀಯವೆನಿಸದು.

ಜೋಳ ಆಫ್ರಿಕಾದ ಬೆಳೆ. ಈಗಿನ ಸೂಡಾನಿನ ಪೂರ್ವಭಾಗದ ಜನ ಸುಮಾರು 5 ಸಾವಿರ ವರ್ಷಗಳ ಹಿಂದೆ ಅದನ್ನು ಕೃಷಿಗೆ ಒಗ್ಗಿಸಿಕೊಂಡರು. ಸೂಡಾನಿನವರು ಇಂದಿಗೂ ಜೋಳದ ಹಿಟ್ಟನ್ನು ಹುಳಿಬರಿಸಿ ‘ಕಿಸ್ರಾ’ ಎಂಬ ತೆಳುವಾದ ರೊಟ್ಟಿ ಮಾಡುತ್ತಾರೆ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದದ್ದು. ಮೆಣಸಿನಕಾಯಿ ಮೆಕ್ಸಿಕೊ ಕಡೆಯದು, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಅಂದರೆ ರೊಟ್ಟಿ ಮತ್ತು ಶೇಂಗಾ ಹಿಂಡಿ ಎಂಬ ಅಪ್ಪಟ ಕಲಬುರಗಿಯ ಬುತ್ತಿಯನ್ನು ಕಟ್ಟುವುದಕ್ಕೆ ಮೂರು ಖಂಡಗಳು ಕೂಡಬೇಕಾಯಿತು.

ತೊಗರಿಯ ಕಥೆ ಇದಕ್ಕೆ ತಿರುಗುಮುರುಗು. ಅದು ಭಾರತದಲ್ಲೇ ಹುಟ್ಟಿ ಹೊರಗೆ ಹೋದ ಬೆಳೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇದೇ ಕಾಳು ಆಫ್ರಿಕಾದ ಮಲಾವಿ, ಟಾಂಜಾನಿಯಾ, ಮೊಜಾಂಬಿಕ್ ದೇಶಗಳಲ್ಲೂ ಬೆಳೆಯುತ್ತದೆ. ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪಗಳಿಗೂ ಹೋಗಿದೆ. ಪೋರ್ಟೊರಿಕೊ ದ್ವೀಪದಲ್ಲಿ ಹಬ್ಬದ ದಿನ ಅಕ್ಕಿ ಮತ್ತು ತೊಗರಿಕಾಳು ಕೂಡಿಸಿ ಮಾಡುವ ಅನ್ನ ಬಹಳ ಪ್ರಸಿದ್ಧ. ಅಲ್ಲಿ ತೊಗರಿಗೆ ‘ಗಂದುಲೆಸ್’ ಎನ್ನುತ್ತಾರೆ. ಈ ಹೆಸರು ತೆಲುಗಿನ ‘ಕಂದುಲು’ ಎಂಬ ಮಾತಿನಿಂದ ಹೋದದ್ದೆಂಬ ಅಭಿಪ್ರಾಯವಿದೆ. ತೆಲಂಗಾಣದ ಗಡಿಗೆ ಅಂಟಿಕೊಂಡ ಸೇಡಂ, ಚಿಂಚೋಳಿಯವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಸಮುದ್ರ ದಾಟಿ ಹೋದವರ ಕಿವಿಗೆ ಬಾಜೂ ಊರಿನ ಸಂತೆಯ ಮಾತು ಬಿದ್ದಂತೆ!

ಮೆಕ್ಸಿಕೊದಲ್ಲಿ ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬಿ ‘ತೋರ್ತಿಯಾ’ ರೊಟ್ಟಿ ಬಡಿಯುವುದು ಸಾವಿರಾರು ವರ್ಷಗಳ ಪದ್ಧತಿ. ಸುಣ್ಣ ಸೇರುವುದರಿಂದ ಕಾಳಿನಲ್ಲಿ ಅಡಗಿರುವ ನಿಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುತ್ತದೆ, ಕ್ಯಾಲ್ಸಿಯಮ್ಮೂ ಸಿಗುತ್ತದೆ. ಈ ಪದ್ಧತಿಯನ್ನು ಕಲಿಯದೆ ಬರಿಯ ಗೋವಿನಜೋಳವನ್ನಷ್ಟೇ ಒಯ್ದು ತಿಂದ ಯೂರೋಪಿನ ಬಡವರಿಗೆ ಪೆಲಾಗ್ರ ಎಂಬ ರೋಗ ಕಾಡಿತು. ಬೆಳೆಯನ್ನು ತಂದವರು ಆ ಊರಿನ ಅಜ್ಜಿಯರ ಅಡುಗೆಯನ್ನು ನೋಡದೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ತಾಯಂದಿರು ಒಂದು ವ್ಯಾವಹಾರಿಕ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳು ಹೊರಗಿನ ಬೀಜ, ಹಣ್ಣು, ಹಾಲಿನ ಪದಾರ್ಥಗಳ ವಿಷಯದಲ್ಲಿ ಬಹಳ ಬಿಗಿ. ಬ್ಯಾಗಿನಲ್ಲಿ ತಿನಿಸು ಇದ್ದರೆ ಘೋಷಣಾ ಪತ್ರದಲ್ಲಿ ಬರೆಯಲೇಬೇಕು. ಬರೆಯದೆ ಮುಚ್ಚಿಟ್ಟರೆ ದಂಡ ತೆರಬೇಕಾಗುತ್ತದೆ. ಒಂದು ಹೊಸ ಕೀಟ ಅಥವಾ ಕಳೆ ಒಳಬಂದರೆ ಇಡೀ ದೇಶದ ಬೆಳೆ ಹಾಳಾದೀತು ಎಂಬ ಭಯ ಇದರ ಹಿಂದಿದೆ. ತೊಗರಿಗೆ ಕಾಯಿಕೊರಕ ಬಿದ್ದಾಗ ಏನಾಗುತ್ತದೆಂದು ಬಲ್ಲ ರೈತರ ಮಕ್ಕಳಿಗೆ ಈ ಕಾನೂನಿನ ಕಾರಣ ಬೇಗ ತಿಳಿಯುತ್ತದೆ.

ಇಲ್ಲಿಗೇ ಬಂದ ಪ್ರವಾಸಿಗಳು

‘ನಮ್ಮೂರಿನಲ್ಲಿ ಏನಿದೆ’ ಎಂಬ ಪ್ರಶ್ನೆಗೆ ಹಿಂದೆ ಇಲ್ಲಿಗೆ ಬಂದ ಪರದೇಶದವರು ಒಂದು ಬಗೆಯ ಉತ್ತರ ಕೊಟ್ಟಿದ್ದಾರೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ವ್ಯಾಪಾರಿ ಸುಲೈಮಾನನ ಹೆಸರಿನೊಡನೆ ಕೇಳಿಬರುವ, 851ರ ಅರಬ್ಬಿ ಬರಹವೊಂದು ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ‘ಬಲ್ಹರಾ’ನನ್ನೂ ಎಣಿಸಿದೆ. ಉಳಿದ ಮೂವರು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ ಮತ್ತು ರೋಮನರ ದೊರೆ. ಬಲ್ಹರಾ ಎಂದರೆ ರಾಷ್ಟ್ರಕೂಟರ ‘ವಲ್ಲಭರಾಜ’ ಎಂಬ ಬಿರುದು. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಮುಂದೆ 15ನೇ ಶತಮಾನದಲ್ಲಿ ರಷ್ಯದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿ ರಾಜ್ಯಕ್ಕೆ ಬಂದು ಬೀದರಿನಲ್ಲಿ ಬಹುಕಾಲ ಇದ್ದ, ಕಲಬುರಗಿಯನ್ನೂ ಕಂಡ. ಜನರು ಬಲಗೈಯಿಂದಲೇ ಉಣ್ಣುತ್ತಾರೆ, ಚಾಕು ಬಳಸುವುದಿಲ್ಲ, ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂಬುದನ್ನೆಲ್ಲ ಅವನು ಬರೆದಿಟ್ಟ. ಅವನಿಗೆ ಬೀದರ, ಕಲಬುರಗಿಗಳೇ ಪರದೇಶದ ಸೋಜಿಗವಾಗಿದ್ದವು.

ಇತ್ತ ಕನ್ನಡಿಗರೂ ಪರದೇಶ ಕಂಡು ಬರೆದಿದ್ದಾರೆ. ಆಕ್ಸ್‌ಫರ್ಡಿಗೆ ಓದಲು ಹೋದ ವಿ. ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಯೂರೋಪು ಪ್ರವಾಸದ ಪುಸ್ತಕ. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೇರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ದಕ್ಷಿಣ ಅಮೆರಿಕದ ಬೆಟ್ಟಗಳಿಗೆ ಕರೆದೊಯ್ಯುತ್ತದೆ. ಗೊರೂರರ ಪುಸ್ತಕದ ಹೆಸರಿನಲ್ಲೇ ಒಂದು ಸ್ವಾರಸ್ಯವಿದೆ. ಅದು ಲೇಖಕರ ಹೆಸರೂ ಹೌದು, ಊರಿನ ಹೆಸರೂ ಹೌದು. ಅಮೆರಿಕಕ್ಕೆ ಹೋದಾಗ ಅವರು ತಮ್ಮೂರನ್ನೂ ಜೊತೆಗೇ ಒಯ್ದಿದ್ದರು. ಟಿಕೆಟಿಗೆ ದುಡ್ಡಿಲ್ಲದ ವಿದ್ಯಾರ್ಥಿಗೂ ಗ್ರಂಥಾಲಯದ ಬಾಗಿಲು ತೆರೆದಿರುತ್ತದೆ. ಇಂಥ ಪುಸ್ತಕಗಳನ್ನು ಭೂಪಟ ಎದುರಿಗಿಟ್ಟುಕೊಂಡು ಓದಿದರೆ ಅರ್ಧ ಪ್ರವಾಸ ಮುಗಿದಂತೆ.

ಮೊದಲು ಚಿಂಚೋಳಿ, ಆಮೇಲೆ ಐರ್ಲೆಂಡು

ಇನ್ನರ್ಧಕ್ಕೆ ಕಾಲು ಬೇಕು. ಅದನ್ನು ಬಸ್ಸಿನ ಚಾರ್ಜಿನಲ್ಲೇ ಆರಂಭಿಸಬಹುದು. ಚಿಂಚೋಳಿಯ ವನ್ಯಧಾಮವನ್ನು 2011ರಲ್ಲಿ ಘೋಷಿಸಲಾಯಿತು. ಸುಮಾರು 135 ಚದರ ಕಿಲೋಮೀಟರಿನ ಈ ಕಾಡು, ಅದರೊಳಗಿನ ಚಂದ್ರಂಪಳ್ಳಿ ಜಲಾಶಯ, ಸುತ್ತಲಿನ ಗುಡ್ಡಗಳು ಮಳೆಗಾಲದಲ್ಲಿ ಹಸಿರಾಗಿ ನಿಂತಾಗ ಇದು ಕಲಬುರಗಿ ಜಿಲ್ಲೆಯೇ ಎಂದು ಹೊಸಬರು ಕೇಳುವಂತಿರುತ್ತವೆ. ಚಿಂಚೋಳಿಯ ಕಪ್ಪುಕಲ್ಲು ಶಹಾಬಾದದ ಕಲ್ಲಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಉಕ್ಕಿ ಹರಿದ ಲಾವಾ ಆರಿ ಆದ ಬಸಾಲ್ಟ್ ಅದು. ಲಿಂಬೆರಸ ಹಾಕಿದರೆ ಗುಳ್ಳೆ ಏಳುವುದಿಲ್ಲ. ತೊಗರಿ, ಜೋಳಕ್ಕೆ ಹೇಳಿಮಾಡಿಸಿದ ಎರೆಮಣ್ಣು ಹೆಚ್ಚಾಗಿ ಈ ಕಲ್ಲು ಸವೆದು ಆದದ್ದು. ಇದನ್ನು ಕಂಡವರು ಉತ್ತರ ಐರ್ಲೆಂಡಿನ ‘ದೈತ್ಯನ ಕಟ್ಟೆ’ಗೆ ಹೋದರೆ, ಕಡಲಿಗಿಳಿಯುವ ಸುಮಾರು 40 ಸಾವಿರ ಕಂಬಗಲ್ಲುಗಳು ಲಾವಾ ಆರುವಾಗ ಬಿರಿದು ಆದವೆಂದು ಕೂಡಲೇ ಊಹಿಸುತ್ತಾರೆ. ಅಷ್ಟು ದೂರ ಹೋಗಲಾಗದವರಿಗೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲೇ ಅಂಥ ಲಾವಾ ಕಂಬಗಳಿವೆ. ಸುಣ್ಣಕಲ್ಲಿನ ಗುಹೆ ನೋಡಬೇಕೆಂದರೆ ಆಂಧ್ರದ ಬೇಲಂನಲ್ಲಿ ಮೂರು ಕಿಲೋಮೀಟರಿಗೂ ಉದ್ದನೆಯ ಗುಹೆಯಿದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಬೌದ್ಧಸ್ತೂಪವಿದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಿಗಳು ಇದೇ ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ರಾಜರನ್ನು, ರಾಣಿಯರನ್ನು, ಮರಬಳ್ಳಿಗಳನ್ನು ಕೆತ್ತಿದರು. ಅಶೋಕನ ಹೆಸರನ್ನು ಬರೆದು ಅವನ ರೂಪವನ್ನೇ ಕೆತ್ತಿದ ಚಪ್ಪಡಿ ಸಿಕ್ಕಿದ್ದು ಇಲ್ಲೇ. ರೋಮಿನ ಅಮೃತಶಿಲೆಯ ಮೂರ್ತಿಗಳನ್ನು ನೋಡಲು ಹೋಗುವವರು ಮೊದಲು ಇದನ್ನು ನೋಡಿದ್ದರೆ ಹೋಲಿಸಲು ಒಂದು ಅಳತೆಗೋಲು ಕೈಯಲ್ಲಿರುತ್ತದೆ. ಅಮೃತಶಿಲೆ ಎಂಬುದೂ ಭೂಮಿಯೊಳಗೆ ಬೆಂದು ಹರಳುಗಟ್ಟಿದ ಸುಣ್ಣಕಲ್ಲೇ ಅಲ್ಲವೆ?

ವಾಡಿಯ ಗಾಡಿ, ಆಲ್ಪ್ಸಿನ ಹಿಮ

ಈ ಕಲ್ಲಿನ ಕಥೆಗೆ ಇನ್ನೊಂದು ಮುಖವೂ ಇದೆ. ಮುಂಬಯಿ–ಚೆನ್ನೈ ಮಾರ್ಗಕ್ಕೆ ಹೈದರಾಬಾದಿನ ಕಡೆಯ ದಾರಿ ಕೂಡುವ ವಾಡಿ ಜಂಕ್ಷನ್ 1874ರಿಂದ ಊರೂರಿನ ಜನರನ್ನು ಹತ್ತಿಸಿ ಇಳಿಸಿದೆ. ಜನರ ಜೊತೆಗೆ ಕಲ್ಲೂ ಊರು ಬಿಟ್ಟಿದೆ, ಪರ್ಸಿಯಾಗಿ ಹಾಗೂ ಸಿಮೆಂಟಾಗಿ. ಸುಣ್ಣಕಲ್ಲನ್ನು ಜೇಡಿಯೊಡನೆ ಸುಮಾರು 1450 ಡಿಗ್ರಿಯಲ್ಲಿ ಸುಟ್ಟು ಸಿಮೆಂಟ್ ಮಾಡುತ್ತಾರೆ. ಹತ್ತನೇ ತರಗತಿಯ ರಸಾಯನಶಾಸ್ತ್ರ ಗೊತ್ತಿದ್ದವರು ಲೆಕ್ಕ ಹಾಕಬಹುದು: ಒಂದು ಟನ್ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸುಟ್ಟರೆ 560 ಕಿಲೋ ಸುಟ್ಟಸುಣ್ಣ ಉಳಿಯುತ್ತದೆ, 440 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಉರಿಸಿದ ಕಲ್ಲಿದ್ದಲಿನ ಹೊಗೆ ಇದರ ಮೇಲೆ ಬೇರೆ. ಮನುಷ್ಯರು ಹೊರಬಿಡುವ ಈ ಅನಿಲದಲ್ಲಿ ಶೇಕಡ 7–8ರಷ್ಟು ಜಗತ್ತಿನ ಸಿಮೆಂಟಿನಿಂದಲೇ ಬರುತ್ತದೆ.

ಆ ಅನಿಲ ಭೂಮಿಯನ್ನು ಬಿಸಿಮಾಡುತ್ತದೆ. ಯುಂಗ್‌ಫ್ರಾವ್‌ಯೋಕ್‌ನಿಂದ ಕಾಣುವ ಅಲೆಚ್ ಹಿಮನದಿ ಆಲ್ಪ್ಸಿನಲ್ಲೇ ಅತಿ ದೊಡ್ಡದು. 19ನೇ ಶತಮಾನದ ನಡುಭಾಗದಿಂದ ಈಚೆಗೆ ಅದು ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಕ್ಯಾಲೆಂಡರಿನ ಹಿಮವೂ ಪಡಸಾಲೆಯ ಕಲ್ಲೂ ಹೀಗೆ ಒಂದೇ ಗಾಳಿಯಲ್ಲಿ ಗಂಟುಬಿದ್ದಿವೆ. ಸಿಮೆಂಟಿನ ಕಾರ್ಖಾನೆಗಳು ಈ ಭಾಗದ ಸಾವಿರಾರು ಮನೆಗಳ ಒಲೆ ಉರಿಸಿವೆ, ಇದನ್ನು ಮರೆಯುವಂತಿಲ್ಲ. ಅದಕ್ಕಾಗಿಯೇ ಇಂಗಾಲ ಕಡಿಮೆ ಬಿಡುವ ಸಿಮೆಂಟ್ ಹೇಗೆ, ತೋಡಿಬಿಟ್ಟ ಗಣಿಯ ಹೊಂಡದಲ್ಲಿ ನೀರು ಹಿಡಿದು ಗಿಡ ಬೆಳೆಸುವುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದವರು ಇಲ್ಲಿಯ ಮಕ್ಕಳೇ. ಹೊರದೇಶದಲ್ಲಿ ಓದುವ ಅವಕಾಶ ಸಿಕ್ಕವರು ಕಲಿತು ತರಬಹುದಾದ ಉಡುಗೊರೆಗಳಲ್ಲಿ ಇದು ಚಾಕೊಲೇಟಿಗಿಂತ ಮೇಲಾದದ್ದು.

ಹಳೆಯ ಮನೆಗಳನ್ನು ಕೆಡವಿ ಕಟ್ಟುವಾಗ ಪರ್ಸಿಯನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸುವುದು ಈಗ ಎಲ್ಲೆಡೆ ನಡೆದಿದೆ. ಅದು ಮನೆಯವರ ಇಷ್ಟ. ಆದರೆ ಹೊರಗೆಸೆಯುವ ಕಲ್ಲುಗಳಲ್ಲಿ ಒಂದು ತುಂಡನ್ನಾದರೂ ತೊಳೆದು ಮಕ್ಕಳ ಕೈಗೆ ಕೊಡುವುದು ಒಳಿತು. ಪಕ್ಕದಲ್ಲಿ ಚಿಂಚೋಳಿಯ ಒಂದು ಕರಿಕಲ್ಲು, ಅರ್ಧ ಹೋಳು ಲಿಂಬೆಹಣ್ಣು. ಯಾವುದು ನೊರೆಯುತ್ತದೆ, ಯಾವುದು ಸುಮ್ಮನಿರುತ್ತದೆ ಎಂದು ಮಗು ತಾನೇ ನೋಡಲಿ. ನಾಳೆ ಅದು ಡೋವರಿನ ಬಿಳಿಗೋಡೆಯ ಎದುರು ನಿಂತರೂ, ಮಲ್ಪೆಯ ದಂಡೆಯಲ್ಲೇ ನಿಂತರೂ, ರಜೆಗೆ ಚಂದ್ರಂಪಳ್ಳಿಯ ನೀರಿನವರೆಗಷ್ಟೇ ಹೋಗಿಬಂದರೂ ಕಾಲ ಕೆಳಗಿನ ಕಲ್ಲನ್ನು ಒಮ್ಮೆ ಬಗ್ಗಿ ನೋಡುತ್ತದೆ.